ಹಸಿರು ಅಂತ ಅಂದೇ ಹೇಳಿದ್ದೆ

ದಿಲ್ಲಿಯ ಪೀತಮ್‌ಪುರದ ಮಾರ್ಕೆಟ್ಟಿನಲ್ಲಿದ್ದ ಆ ಹೋಟೆಲಿಗೆ ಹೋದವರಿಗೆಲ್ಲ ಗಲ್ಲಾದಲ್ಲಿ ಕೂತ ಜಯಾನಂದ ಗೊತ್ತು. ಹೋಟೆಲು ನಡೆಸುತ್ತಿದ್ದದ್ದು ಮಾತ್ರ ಒಳಗಿದ್ದ ಅವನ ಹೆಂಡತಿ ಜಲಜಾಕ್ಷಿ. ದೋಸೆಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ದೂರದಿಂದ ಮೂಗಿನಲ್ಲೇ ಹೇಳುವವಳು. ಕಾಯಿ ಮಾರುವ ಭಯ್ಯಾ ಒಣಕಲು ಕಾಯಿ ತಂದರೆ ಅವನನ್ನು ಹಿಂದಿಯಲ್ಲಿ ಜಾಲಾಡಿಬಿಡುವವಳು. ನಾನು ಹಾಸನದ ಕಡೆಯವಳು, ಪಕ್ಕದ ರಸ್ತೆಯ ಬ್ಯಾಂಕಿನಲ್ಲಿ ಕೆಲಸ, ಮಧ್ಯಾಹ್ನದ ಊಟ ಅಲ್ಲೇ. ಅವರ ಮನೆಮಾತು ತುಳು, ನನ್ನ ಮುಂದೆ ಕನ್ನಡ.

ಇಂಥ ಹೆಂಗಸು ವರ್ಷಕ್ಕೊಂದು ದಿನ ತನ್ನದೇ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ನಾಗರ ಪಂಚಮಿಗೆ ದಿಲ್ಲಿಯಲ್ಲಿರುವ ಎಷ್ಟೋ ಕರಾವಳಿ ಮನೆಗಳಿಗೆ ಅರಶಿನ ಎಲೆಯ ಗಟ್ಟಿ ಹೋಗುತ್ತಿದ್ದದ್ದು ಇಲ್ಲಿಂದಲೇ. ಅಕ್ಕಿಹಿಟ್ಟನ್ನು ಎಲೆಗೆ ಸವರಿ, ಬೆಲ್ಲ ಕಾಯಿ ಇಟ್ಟು, ಮಡಚಿ, ಹಬೆಯಲ್ಲಿ ಬೇಯಿಸಿದ್ದು. ಮೊದಲ ಗಟ್ಟಿ ನಾಗನಿಗೆ ನೈವೇದ್ಯ. ಹಾಗಾಗಿ ಅವತ್ತು ಅತ್ತೆ ಪದ್ಮಕ್ಕನೇ ಒಲೆಯ ಮುಂದೆ ನಿಲ್ಲುತ್ತಿದ್ದರು, ಸೊಸೆ ಹೊರಗೆ ಕೈ ತೊಳೆಯುವ ಜಾಗದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದಳು.

ಕಾರಣ ಅವಳ ಬಲಗೈಯ ತೋರುಬೆರಳು. ಅದು ಅರ್ಧಕ್ಕೆ ಸುರುಟಿಕೊಂಡಿತ್ತು, ನೆಟ್ಟಗೆ ಮಾಡಲು ಬರುತ್ತಿರಲಿಲ್ಲ. ಹುಡುಗಿಯಾಗಿದ್ದಾಗ, ಘಟ್ಟದ ಬುಡದ ತವರಿನಲ್ಲಿ ಸೊಪ್ಪು ಕಡಿಯುವಾಗ ಹಾವು ಕಚ್ಚಿತ್ತು. ಹಾವು ಹಸಿರಾಗಿತ್ತು ಎಂದು ಅವಳು ಹೇಳಿದಳು. ಸೊಪ್ಪಿನ ನಡುವೆ ಎಲ್ಲವೂ ಹಸಿರೇ ಕಾಣುವುದು ಎಂದರು ಹಿರಿಯರು. ಆ ವರ್ಷ ನಾಗಬನದ ಮರದ ಕೊಂಬೆಯೊಂದನ್ನು ಕಡಿದಿದ್ದರಂತೆ, ಹಾಗಾಗಿ ಕಚ್ಚಿದ್ದು ನಾಗನೇ ಎಂದು ಜೋಯಿಸರು ಕವಡೆ ಹಾಕಿ ಹೇಳಿದರು. ಹುಡುಗಿ ಸಾಯಲಿಲ್ಲವಲ್ಲ ಎಂದರೆ ಅದಕ್ಕೂ ಉತ್ತರ ಸಿದ್ಧವಿತ್ತು: ಕೊಲ್ಲಲಿಲ್ಲ, ಗುರುತು ಹಾಕಿ ಬಿಟ್ಟ, ಆ ಕೈ ಅವನ ನೈವೇದ್ಯ ಮುಟ್ಟಬಾರದು. ವಾದ ಮಾಡಿ ಸಾಕಾಗಿ ಕೊನೆಗೆ ಅವಳೂ ಅದನ್ನೇ ನಂಬಿದಳು.

ಪರಿಹಾರ ಮಾಡಿಸಿಯೇ ಮದುವೆ ಮಾಡಿದರು. ಮಕ್ಕಳಾಗಲಿಲ್ಲ. ಪರಿಹಾರ ಸಾಲಲಿಲ್ಲ ಎಂದಾಯಿತು. ವರ್ಷ ವರ್ಷ ಊರಿಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದರು, ಹರಕೆ ಹೊತ್ತರು, ಉಪವಾಸ ಹಾಕಿಸಿದರು. ಉಪವಾಸವೆಲ್ಲ ಅವಳದ್ದೇ. ದೇಶದ ಮೂಲೆಮೂಲೆಯಿಂದ ಜನ ಚಿಕಿತ್ಸೆಗೆಂದು ದಿಲ್ಲಿಗೆ ಬಂದು ಆಸ್ಪತ್ರೆಗಳ ಮುಂದೆ ಫುಟ್‌ಪಾತಿನಲ್ಲಿ ಮಲಗುತ್ತಾರೆ. ಇವರಿಗೆ ಆಟೋದಲ್ಲಿ ಹೋಗುವಷ್ಟು ದೂರದಲ್ಲಿದ್ದ ಆಸ್ಪತ್ರೆಗೆ ಒಮ್ಮೆಯೂ ಹೋಗಬೇಕೆನಿಸಲಿಲ್ಲ. ನಾಗನ ಸಿಟ್ಟಿಗೆ ಡಾಕ್ಟರು ಏನು ಮಾಡಿಯಾರು? ಯಾರಾದರೂ ಮಕ್ಕಳ ವಿಷಯ ಎತ್ತಿದರೆ ಪದ್ಮಕ್ಕ ಸೊಸೆಯ ಬೆರಳಿನ ಕಡೆ ನೋಡುತ್ತಿದ್ದರು. ಜಯಾನಂದ ಅದನ್ನು ಕಂಡೂ ಚಿಲ್ಲರೆ ಎಣಿಸುತ್ತಿದ್ದ. ನನಗೆ ಅವನ ಮೇಲೆ ಯಾವತ್ತೂ ಅಂಥ ಗೌರವವೇನೂ ಇರಲಿಲ್ಲ.

ಎರಡು ಸಾವಿರದ ಏಳರ ಪಂಚಮಿಗೂ ಅರಶಿನ ಎಲೆ ಅವಳ ತವರಿನಿಂದಲೇ ಬಂತು. ಎಲೆ ಮಾತ್ರ ಆ ಹಿತ್ತಿಲಿನದಾದರೂ ಅಡ್ಡಿಯಿರಲಿಲ್ಲ. ಜಯಾನಂದನ ತಮ್ಮ ಸುಕೇಶ್ ಬೆಳಿಗ್ಗೆ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿ, ರೈಲಿನಲ್ಲಿ ಬಂದ ಒದ್ದೆ ಗೋಣಿಚೀಲ ಬಿಡಿಸಿಕೊಂಡು ಬಂದ. ನಾನು ಗಟ್ಟಿ ಒಯ್ಯಲು ಬಂದವಳು ಜಲಜಾಕ್ಷಿಯ ಪಕ್ಕ ನಿಂತು ಹರಟುತ್ತಿದ್ದೆ. ಒಳಗೆ ಗೋಣಿ ಬಿಚ್ಚಿದ್ದೇ ತಡ, ಸುಕೇಶ್ ಕೂಗಿಕೊಂಡ.

ಎಲೆಯ ಕಟ್ಟಿನ ಮೇಲೆ ಒಂದು ಹಸಿರು ಹಾವು ಸುರುಳಿ ಸುತ್ತಿ ಕೂತಿತ್ತು. ಮಿಸುಕಾಡಲಿಲ್ಲ. ಹೆದರಿದ್ದವರು ಒಂದು ಗಳಿಗೆಯಲ್ಲೇ ಭಕ್ತರಾದರು. ಪದ್ಮಕ್ಕ ಕೈ ಮುಗಿದರು, ದೋಸೆ ಹೊಯ್ಯುವವನು ಒಲೆ ಆರಿಸಿ ಕೈ ಮುಗಿದ, ಜಯಾನಂದ ಗಲ್ಲಾ ಬಿಟ್ಟು ಓಡಿಬಂದು ಚಪ್ಪಲಿ ಕಳಚಿದ.

"ಪಂಚಮಿ ದಿನ ಅವನೇ ಮನೆಗೆ ಬಂದ! ಹೆಡೆ ಮಡಚಿ ಕೂತಿದ್ದಾನೆ ನೋಡು, ಸಿಟ್ಟಿಲ್ಲ ಅವನಿಗೆ," ಎಂದರು ಪದ್ಮಕ್ಕ.

"ಅಮ್ಮಾ, ನಾಗ ಹಸಿರು ಇರ್ತದಾ?" ಎಂದ ಸುಕೇಶ್.

"ಅವನು ಯಾವ ಬಣ್ಣದಲ್ಲಿ ಬರಬೇಕು ಅಂತ ನೀನು ಹೇಳುದಾ?"

ಪದ್ಮಕ್ಕ ಬಟ್ಟಲಿನಲ್ಲಿ ಹಾಲು ತಂದಿಟ್ಟರು. ಹಾವಿನ ತಲೆಗೆ ಹಚ್ಚಲು ಬೆರಳಲ್ಲಿ ಅರಶಿನ ತೆಗೆದುಕೊಂಡು ಬಗ್ಗಿದರು.

ಜಲಜಾಕ್ಷಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮರುಕ್ಷಣ ಹೊಸ್ತಿಲು ದಾಟಿ ಹೋಗಿ ಅತ್ತೆಯ ಮಣಿಕಟ್ಟು ಹಿಡಿದು ಹಿಂದಕ್ಕೆಳೆದಳು.

"ಬಿಡು! ನೀನು ಒಳಗೆ ಬರಬಾರದು!"

"ಅದು ನಾಗ ಅಲ್ಲ ಅತ್ತೆ. ಆ ತಲೆ ನೋಡಿ. ನನಗೆ ಕಚ್ಚಿದ್ದು ಇದೇ."

ಹೇಳುತ್ತಲೇ ದೊಡ್ಡ ಇಡ್ಲಿ ಪಾತ್ರೆಯನ್ನು ಹಾವಿನ ಮೇಲೆ ಕವುಚಿಟ್ಟು, ಮೇಲೆ ಎರಡು ತೆಂಗಿನಕಾಯಿ ಇಟ್ಟಳು. ಹಬ್ಬದ ದಿನ ದೇವರನ್ನು ಪಾತ್ರೆಯಡಿ ಹಾಕಿದಳಲ್ಲ ಎಂದು ಪದ್ಮಕ್ಕ ಎದೆ ಎದೆ ಬಡಿದುಕೊಂಡರು. ಜಲಜಾಕ್ಷಿ ಪಾತ್ರೆ ಬಿಟ್ಟು ಕದಲಲಿಲ್ಲ. ಹಾವು ಹಿಡಿಯುವವರ ನಂಬರನ್ನು ನಾನೇ ಹುಡುಕಿ ಫೋನ್ ಮಾಡಿದೆ.

ಹಿಡಿಯುವವನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ ಬಂದ. ಪಾತ್ರೆ ಎತ್ತಿ, ಕೊಕ್ಕೆಯಿಂದ ಹಾವನ್ನು ಎತ್ತಿ ನೋಡಿ, "ಯೇ ತೋ ದಿಲ್ಲೀ ಕಾ ಹೈ ಹೀ ನಹೀ," ಎಂದ. ಇಲ್ಲಿಯದಲ್ಲ, ದಕ್ಷಿಣದ ಕಾಡಿನ ಹಾವು, ಪಿಟ್ ವೈಪರ್, ಮರಗಿಡದ ಮೇಲೆ ಅಲ್ಲಾಡದೆ ಕೂತು ಬೇಟೆಗೆ ಕಾಯುತ್ತದೆ, ವಿಷ ಇದೆ ಎಂದ. ನಮ್ಮಲ್ಲಿ ಗುಳಿಮಂಡಲ ಅನ್ನುವುದು ಇದಕ್ಕೇ. ಕಣ್ಣಿಗೂ ಮೂಗಿಗೂ ನಡುವೆ ಇರುವ ಗುಳಿಯನ್ನು ಅವನು ದೂರದಿಂದಲೇ ತೋರಿಸಿದ. ಇದು ಕಚ್ಚಿದರೆ ಮನುಷ್ಯ ಸಾಯುವುದು ಅಪರೂಪ, ಆದರೆ ಕೈಯೋ ಬೆರಳೋ ಕೆಡಬಹುದು ಎಂದ.

"ನಾಗ್ ನಹೀ?" ಎಂದರು ಪದ್ಮಕ್ಕ.

"ನಹೀ ಮಾತಾಜಿ. ನಾಗ್ ಸೆ ಕೋಯೀ ಲೇನಾ ದೇನಾ ನಹೀ."

ನಾಗನಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಹೇಳಿ ಅವನು ಹಾವನ್ನು ಚೀಲಕ್ಕೆ ಹಾಕಿಕೊಂಡು ಹೋದ. ಅದನ್ನು ಅದರ ಕಾಡಿಗೆ ಕಳಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಜಲಜಾಕ್ಷಿ ಅತ್ತಾಳು ಅಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಹಸಿರು ಅಂತ ನಾನು ಅಂದೇ ಹೇಳಿದ್ದೆ," ಎಂದಳು, ಯಾರನ್ನೂ ನೋಡದೆ. ಆಮೇಲೆ ಗಂಡನ ಕಡೆ ತಿರುಗಿ, "ನಾಳೆ ಆಸ್ಪತ್ರೆಗೆ ಹೋಗುದು. ಇಬ್ಬರೂ," ಎಂದಳು.

ಜಯಾನಂದ ತಾಯಿಯ ಮುಖ ನೋಡಿದ. ಪದ್ಮಕ್ಕ ಬೆರಳಿಗಂಟಿದ ಅರಶಿನವನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಪರೀಕ್ಷೆಗಳಾದವು. ಅವಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಜಯಾನಂದನದು, ಚಿಕ್ಕ ಆಪರೇಷನ್ನಿನಲ್ಲಿ ಸರಿಹೋಗಬಹುದಾಗಿದ್ದದ್ದು. ಆದರೆ ಅವಳಿಗೆ ಆಗ ನಲವತ್ತು ದಾಟಿತ್ತು, ಇನ್ನು ಕಷ್ಟ ಎಂದರು ಡಾಕ್ಟರಮ್ಮ. ಮದುವೆಯಾಗಿ ಇಷ್ಟು ವರ್ಷವಾಯಿತು, ದಿಲ್ಲಿಯಲ್ಲೇ ಇದ್ದೂ ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಜಲಜಾಕ್ಷಿ ತೋರುಬೆರಳನ್ನು ಮೇಜಿನ ಮೇಲಿಟ್ಟು, ನನಗೆ ಹಾವು ಕಚ್ಚಿತ್ತು ಎಂದಳು. ಡಾಕ್ಟರಮ್ಮ ಬೆರಳನ್ನು ತಿರುಗಿಸಿ ನೋಡಿ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದರು.

ಮರುವರ್ಷ ಪಂಚಮಿಗೆ ಗಟ್ಟಿ ಒಯ್ಯಲು ಹೋದೆ. ಪದ್ಮಕ್ಕ ಒಂದು ವರ್ಷದಲ್ಲಿ ತೀರ ಇಳಿದುಹೋಗಿದ್ದರು. ಒರೆಸಿದ ಒಂದು ಅರಶಿನ ಎಲೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

"ಬಾ ಮಗಾ," ಎಂದು ಸೊಸೆಯನ್ನು ಕರೆದರು. "ಮೊದಲನೆಯದನ್ನು ನೀನೇ ಮಾಡು."

ಜಲಜಾಕ್ಷಿ ಕೈ ತೊಳೆಯುವ ಜಾಗದ ಪಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದಳು. ಏಳಲಿಲ್ಲ.

"ನೀವೇ ಮಾಡಿ ಅತ್ತೆ," ಎಂದಳು. "ನನಗೆ ಇಲ್ಲಿ ಕೂತು ಅಭ್ಯಾಸ ಆಗಿದೆ."