ಆಮೇಲೆ ಹೊತ್ತಿಕೊಂಡ ದೀಪ

ಉತ್ತರದ ಹಿಮನಾಡಿನ ಕೊನ್ಸೆನ್ ಬಯಲಿನಲ್ಲಿ ಕಾರಿಗೆ ಕಣ್ಣು ಕಾಣದಾದರೆ ಜನ ಸಾಸಾಮೊರಿ ತೆತ್ಸುಜಿಯ ಹತ್ತಿರ ಬರುತ್ತಿದ್ದರು. ಊರಿನ ಗ್ಯಾರೇಜಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಮನುಷ್ಯ. ಮೊದಲೆಲ್ಲ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದ. ಹೊಸ ಕಾಲದ ಕಾರುಗಳು ಬಂದ ಮೇಲೆ ಮೂತಿಯೊಳಗಿನ ರಡಾರ್, ಗಾಜಿನ ಹಿಂದಿನ ಕ್ಯಾಮೆರಾ, ತಾನಾಗಿ ಹೊತ್ತಿ ತಾನಾಗಿ ಆರುವ ದೀಪ, ಇವುಗಳಲ್ಲೇ ಅವನದು ಎತ್ತಿದ ಕೈ ಆಯಿತು. ಡಿಸೆಂಬರ್ ಬಂತೆಂದರೆ ದಿನಕ್ಕೆ ನಾಲ್ಕು ಜನ ಹೈನುಗಾರರು ಮುಖ ಗಂಟಿಕ್ಕಿಕೊಂಡು ಬರುವರು, ಮುಂದೇನೂ ಕಾಣುತ್ತಿಲ್ಲವೆಂದು ಕಾರು ಬಡಕೊಳ್ಳುತ್ತಿದೆ ಎನ್ನುವರು. ಸಾಸಾಮೊರಿ ಒದ್ದೆ ಬಟ್ಟೆ ತಂದು, ಮೂತಿಗೆ ಮೆತ್ತಿದ ಹಿಮದ ರಾಡಿಯನ್ನು ಒರೆಸಿ, ಇನ್ನು ಹೊರಡಿ ಎನ್ನುವನು. ಬಟ್ಟೆ ಹಿಡಿದು ಸಂಬಳ ಎಣಿಸುವ ಪುಣ್ಯವಂತ ಎಂದು ಅವರು ಛೇಡಿಸಿದರೆ ಒಳಗೊಳಗೇ ಹಿಗ್ಗುವನು. ತನಗೆ ಗೊತ್ತು ಎಂಬ ಹಮ್ಮು ಅವನಿಗೆ ಸಾಕಷ್ಟಿತ್ತು, ಅದನ್ನು ಮುಚ್ಚಿಟ್ಟು ಅವನ ಕತೆ ಹೇಳಿದರೆ ಸುಳ್ಳಾಗುತ್ತದೆ.

ಹೆಂಡತಿ ಇಕುಯೊಗೆ ಈ ವಿದ್ಯೆಯ ಮೇಲೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ವೃದ್ಧರ ಆರೈಕೆಮನೆಯಲ್ಲಿ ಅವಳು ಅಡುಗೆಯವಳು. ನಾಲ್ಕು ಚೂರು ಹಿಮ ಉದುರಿದರೆ ಸಾಕು, ಮಟಮಟ ಮಧ್ಯಾಹ್ನವೇ ಆದರೂ ಕೈಯಾರೆ ದೀಪ ಹಾಕಿಕೊಂಡು ಹೋಗುವಳು. ಆರಿಸಲು ಮಾತ್ರ ಮರೆಯುವಳು. ಒಂದೇ ಚಳಿಗಾಲದಲ್ಲಿ ಎರಡು ಸಲ ಬ್ಯಾಟರಿ ಸತ್ತು, ಸಾಸಾಮೊರಿ ಕೆಲಸ ಬಿಟ್ಟು ಕೇಬಲ್ ಹಿಡಿದು ಓಡಬೇಕಾಯಿತು. ಅಡುಗೆಮನೆಯ ಹೆಂಗಸರೆಲ್ಲ ಕಿಟಕಿಗೆ ಬಂದು ನಿಂತು ನಕ್ಕರು. ಅದು ಅವನಿಗೆ ನಾಟಿತು.

ಮರುವರ್ಷ ಅವಳಿಗೆಂದು ಇನ್ನೊಂದು ಕಾರು ತಂದಾಗ, ದೀಪದ ಲಿವರನ್ನು ಆಟೋಗೆ ತಿರುಗಿಸಿ, ಅಲುಗದಂತೆ ಮೇಲೆ ನೀಲಿ ಟೇಪು ಸುತ್ತಿಬಿಟ್ಟ.

"ಇದನ್ನ ಮುಟ್ಬೇಡ ಮಾರಾಯ್ತಿ. ಕತ್ಲಾದ್ರೆ ಅದೇ ಹೊತ್ಕೊಳುತ್ತೆ, ಬೆಳಕಾದ್ರೆ ಅದೇ ಆರುತ್ತೆ."

"ಹಿಮ ಸುರೀತಿದ್ರೆ?"

"ಸುರಿದ್ರೂ ಅಷ್ಟೇ. ನಿನಗಿಂತ ಅದಕ್ಕೆ ಚೆನ್ನಾಗಿ ಗೊತ್ತು."

"ಆಯ್ತು ರೀ, ಮೇಷ್ಟ್ರೇ," ಎಂದಳು ಇಕುಯೊ, ನಗುತ್ತಾ.

ಅದು ಹಾಗಲ್ಲವೆಂದು ಅವನಿಗೆ ಗೊತ್ತಿತ್ತು. ಗಾಜಿನ ಹಿಂದಿರುವ ಆ ಸಣ್ಣ ಕಣ್ಣು ನೋಡುವುದು ಬೆಳಕನ್ನು ಮಾತ್ರ. ಹಗಲು ಹಿಮಗಾಳಿ ಎದ್ದಾಗ ಸುತ್ತಲೂ ಬೆಳ್ಳಗಾಗುತ್ತದೆ, ಎದುರಿನವರಿಗೆ ಎರಡು ಮಾರು ಕಾಣುವುದಿಲ್ಲ, ಆದರೆ ಆ ಕಣ್ಣಿಗೆ ಅದು ಒಳ್ಳೆಯ ಬಿಸಿಲಿನ ಹೊತ್ತು. ದೀಪ ಹಾಕುವುದೇ ಇಲ್ಲ. ಹಿಮ ಬಂದರೆ ಕೈಯಿಂದ ಹಾಕಿಕೊಳ್ಳಿ ಎಂದು ಗಿರಾಕಿಗಳಿಗೆ ಅವನೇ ಹೇಳಿ ಕಳಿಸುತ್ತಿದ್ದ. ಊರಿಗೆಲ್ಲ ಹೇಳಿದ ಬುದ್ಧಿಮಾತನ್ನು ಹೆಂಡತಿಗೆ ಮಾತ್ರ ಹೇಳಲಿಲ್ಲ. ಎರಡು ಬ್ಯಾಟರಿಯ ಸಿಟ್ಟು ಅಷ್ಟೇ, ಬೇರೇನೂ ಇರಲಿಲ್ಲ.

ಫೆಬ್ರವರಿ ಒಂಬತ್ತರ ಬೆಳಿಗ್ಗೆ ಹನ್ನೊಂದೂಕಾಲಿಗೆ ಇಕುಯೊ ತೋಫು ತರಲು ಹೊರಟಿದ್ದಳು. ಹುಲ್ಲುಗಾವಲಿನ ಕಡೆಯಿಂದ ಗಾಳಿ ಎದ್ದು ನೇರ ರಸ್ತೆಯನ್ನು ನುಂಗಿತು. ಅವಳು ಕಾರನ್ನು ನಿಧಾನ ಮಾಡಿ, ಕೊನೆಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕಿನಿಂದ ಕಾಲು ತೆಗೆದಿರಬೇಕು. ಹಿಂದಿನಿಂದ ಬಂದ ಹಾಲಿನ ಟ್ಯಾಂಕರ್ ಗುದ್ದಿತು. ಕಾರು ರಸ್ತೆಬದಿಯ ಹಿಮದ ಗೋಡೆಗೆ ಮೂತಿ ಹೂತುಕೊಂಡು ನಿಂತಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಇಕುಯೊ ತೀರಿಕೊಂಡಳು.

ಟ್ಯಾಂಕರ್ ಓಡಿಸುತ್ತಿದ್ದವನು ಒಬಾತಾ ಎಂಬ ಅರವತ್ತೊಂದರ ಹಿರಿಯ. ಮೂವತ್ತನಾಲ್ಕು ವರ್ಷ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಹಾಲು ತುಂಬಿಕೊಂಡವನು, ಪ್ರತಿ ಮನೆಯ ನಾಯಿಯ ಹೆಸರೂ ಬಲ್ಲವನು, ಒಂದು ಬೇಲಿಗೂ ತಗುಲಿಸಿದವನಲ್ಲ. ಆಂಬುಲೆನ್ಸ್ ಬರುವ ತನಕ ಬರಿಗೈಯಲ್ಲಿ ಹಿಮ ಬಗೆದು ಉಗುರು ಕಿತ್ತುಕೊಂಡಿದ್ದ. ಅವನ ಗಾಡಿಯ ಮೂತಿಯ ರಡಾರೂ ಹಿಮ ಮೆತ್ತಿ ಕುರುಡಾಗಿತ್ತು. ಸ್ವಲ್ಪ ಮೊದಲು ನಿಂತ ಕೊಟ್ಟಿಗೆಯಲ್ಲಿ ಅದನ್ನು ಒರೆಸಿಯೇ ಹೊರಟಿದ್ದ. ಮುಂದಿನ ಕಾರಿನ ದೀಪ ಉರಿಯುತ್ತಿರಲಿಲ್ಲ ಎಂದು ಪೊಲೀಸರಿಗೆ ಹೇಳಿದ. ಆದರೆ ಪೊಲೀಸರು ಬಂದಾಗ ಇಕುಯೊಳ ಕಾರಿನ ಹಿಂದಿನ ದೀಪಗಳೆರಡೂ ಕೆಂಪಗೆ ಉರಿಯುತ್ತಿದ್ದವು. ಫೋಟೋ ಇತ್ತು. ತಪ್ಪು ಮಾಡಿದ್ದಲ್ಲದೆ ಸತ್ತವಳ ಮೇಲೆ ಗೂಬೆ ಕೂರಿಸುತ್ತಾನೆ ಎಂದು ಊರು ಅವನಿಗೆ ಛೀಮಾರಿ ಹಾಕಿತು. ಲೈಸೆನ್ಸ್ ಹೋಯಿತು, ಕೆಲಸ ಹೋಯಿತು. ಈಗ ಯಾರದೋ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದ.

ಆ ಫೋಟೋವನ್ನು ಸಾಸಾಮೊರಿ ನೋಡಿದ್ದು ಮೂರನೇ ದಿನ. ಮುಂದಿನ ಗಾಜು ಪೂರ್ತಿ ಹಿಮದೊಳಗಿತ್ತು. ಒಳಗೆ ಕತ್ತಲು. ಗುದ್ದಿದ ಮೇಲೆ ಆ ಕಣ್ಣಿಗೆ ಕತ್ತಲಾಯಿತು, ಆಗ ದೀಪ ತಾನಾಗಿ ಹೊತ್ತಿಕೊಂಡಿತು. ಅಲ್ಲಿಯ ತನಕ ಉರಿದಿರಲಿಲ್ಲ. ಒಬಾತಾ ಹೇಳಿದ್ದೇ ಸರಿ. ಇದನ್ನು ಒಂದೇ ನೋಟಕ್ಕೆ ತಿಳಿಯಬಲ್ಲವನು ಆ ಬಯಲಿನಲ್ಲಿ ಒಬ್ಬನೇ, ಅವನೇ ಟೇಪು ಸುತ್ತಿದವನು. ಮರುದಿನ ಅವಳ ಸಾಮಾನು ತರುವ ನೆಪದಲ್ಲಿ ಜಜ್ಜಿದ ಕಾರಿನ ಹತ್ತಿರ ಹೋಗಿ ಟೇಪನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬಾಯಿಗೆ ಬೀಗ ಹಾಕಿಕೊಂಡ.

ಒಬಾತಾ ಮಾತ್ರ ಪ್ರತಿ ತಿಂಗಳ ಒಂಬತ್ತಕ್ಕೆ ಊದುಬತ್ತಿ ಹಚ್ಚಲು ಬಂದ. ಮಾರ್ಚಿನಲ್ಲಿ ಇಕುಯೊಳ ಅಕ್ಕ ಮಿತ್ಸುಏ ಬಾಗಿಲಲ್ಲೇ ತಡೆದು ಅಟ್ಟಿದಳು. ಏಪ್ರಿಲಿನಿಂದ ಸಾಸಾಮೊರಿಯೇ ಒಳಗೆ ಕರೆದ. ಒಬಾತಾ ಮಾಂಜು ಸಿಹಿಯ ಪೊಟ್ಟಣ ಇಟ್ಟು, ಅವಳ ಫೋಟೋದ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ, ಸದ್ದಿಲ್ಲದೆ ಅಳುವನು. ಸಾಸಾಮೊರಿ ಟೀ ತಂದಿಡುವನು. ಇವತ್ತು ಹೇಳಿಬಿಡಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುವನು. ಹೇಳಿದರೆ ಇಕುಯೊಳನ್ನು ಕೊಂದವನು ತಾನೆಂದು ತಾನೇ ಒಪ್ಪಿದ ಹಾಗೆ. ಒಬ್ಬನ ಹೆಸರು ಮಣ್ಣುಪಾಲಾಗುತ್ತಿದ್ದರೂ ಅವನು ಟೀ ಬಗ್ಗಿಸಿ ಕೊಡುತ್ತಾ ಕೂತಿದ್ದ. ಇದಕ್ಕೆ ನನ್ನಲ್ಲಿ ಒಳ್ಳೆಯ ಹೆಸರಿಲ್ಲ.

ವರ್ಷದ ತಿಥಿಯ ದಿನ ಭಿಕ್ಷು ಬಂದು ಸೂತ್ರ ಓದಿ ಹೋದ ಮೇಲೆ ಮನೆಯಲ್ಲಿ ಮೂವರೇ ಉಳಿದರು. ಮಿತ್ಸುಏ ಒಬಾತಾನ ಕಡೆ ತಿರುಗಿಯೂ ನೋಡಿರಲಿಲ್ಲ. ಅವನು ಮೊಣಕಾಲ ಮೇಲೆ ಅವಳ ಮುಂದೆ ಸರಿದು, ಚಾಪೆಗೆ ಕೈಯೂರಿ ತಲೆ ತಗ್ಗಿಸಿದ.

"ಅಮ್ಮಾ, ಅವತ್ತು ದೀಪ ಇರ್ಲಿಲ್ಲ ಅಂದೆನಲ್ಲ, ಅದು ಸುಳ್ಳು. ಉರೀತಿತ್ತು. ಈಗ ನನಗೆ ನೆನಪಿಗೆ ಬಂದಿದೆ. ಕೆಂಪಗೆ, ಎರಡೂ. ಕಂಡೂ ಬ್ರೇಕ್ ಒತ್ತಲಿಲ್ಲ ನಾನು."

ಸಾಸಾಮೊರಿಗೆ ಅದನ್ನು ಕೇಳಿಸಿಕೊಂಡು ಕೂರಲಾಗಲಿಲ್ಲ. ಇಲ್ಲದ ದೀಪವನ್ನು ಒಬ್ಬ ಮನುಷ್ಯ ಕಂಡೆನೆಂದು ನಂಬಿಕೊಂಡಿದ್ದ, ನಂಬಿಸಿದ್ದು ತನ್ನ ಮೌನ.

"ಇಲ್ಲ ಒಬಾತಾ-ಸಾನ್. ದೀಪ ಇರ್ಲಿಲ್ಲ," ಎಂದ. ಆಮೇಲೆ ಎಲ್ಲವನ್ನೂ ಹೇಳಿದ, ಬ್ಯಾಟರಿ, ಟೇಪು, ಹಿಮದೊಳಗೆ ಹೂತ ಗಾಜು, ಒಂದನ್ನೂ ಬಿಡದೆ. ಮಿತ್ಸುಏ ಕರಿಯ ಬಟ್ಟೆಯ ತೋಳನ್ನು ಬಾಯಿಗೊತ್ತಿಕೊಂಡು ಎದ್ದು ಅಡುಗೆಮನೆಗೆ ಹೋದಳು. ನಾಳೆಯೇ ಠಾಣೆಗೆ ಹೋಗಿ ಬರೆದುಕೊಡುತ್ತೇನೆ ಎಂದು ಸಾಸಾಮೊರಿ ಹೇಳಿದ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಒಬಾತಾ ಕೇಳಿದ.

"ಮೂರನೇ ದಿನ."

"ಮೂರನೇ ದಿನ." ಒಬಾತಾನ ದನಿ ಏರಲಿಲ್ಲ. "ಹತ್ತು ಸಲ ನನಗೆ ಟೀ ಕೊಟ್ರಿ. ನನ್ನ ಹೆಂಡ್ತಿ ನನಗೆ ಮುಖ ಕೊಟ್ಟು ಮಾತಾಡೋದು ಬಿಟ್ಟು ವರ್ಷ ಆಯ್ತು. ಅವಳಿಗೂ ನಾನೇ ಹೇಳ್ದೆ, ದೀಪ ಇತ್ತು ಕಣೇ, ನಾನು ಸುಳ್ಳುಗಾರ ಅಂತ."

ಸಾಸಾಮೊರಿ ಕ್ಷಮೆ ಕೇಳಲು ಬಗ್ಗಿದ. ಒಬಾತಾ ಅದನ್ನು ನೋಡಲಿಲ್ಲ. ಇಕುಯೊಳ ಫೋಟೋದ ಕಡೆ ತಿರುಗಿ, ಎಂದಿನಂತೆ ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು ಬೂಟು ಹಾಕಿಕೊಂಡು ಹೋದ.

ಸಾಸಾಮೊರಿ ಠಾಣೆಗೆ ಹೋದ, ಬರೆದುಕೊಟ್ಟ, ಕಿತ್ತ ಟೇಪನ್ನೂ ಮೇಜಿನ ಮೇಲಿಟ್ಟ. ಊರಿಗೆಲ್ಲ ತಿಳಿಯಿತು. ಮಿತ್ಸುಏ ಬರುವುದು ನಿಲ್ಲಿಸಿದಳು. ಮಾರ್ಚ್ ಒಂಬತ್ತಕ್ಕೆ ಅವನು ಬೆಳಿಗ್ಗೆಯಿಂದ ಒಲೆಯ ಮೇಲೆ ನೀರಿಟ್ಟುಕೊಂಡು ಕಾದ. ಇಕುಯೊಗಾಗಿ ಅವನ ಜೊತೆ ಕೂತು ಅಳುತ್ತಿದ್ದದ್ದು ಜಗತ್ತಿನಲ್ಲಿ ಒಬ್ಬನೇ ಮನುಷ್ಯ, ಅವನು ಅವತ್ತು ಬರಲಿಲ್ಲ.