ವಾರಿಜಕ್ಕ ಉಣ್ಣುವಾಗ

ನಮ್ಮ ಮಲಾಡಿನ ಚಾಳಿನಲ್ಲಿ ವಾರಿಜಕ್ಕ ಊಟಕ್ಕೆ ಕೂತದ್ದನ್ನು ಕಂಡವರೇ ಇರಲಿಲ್ಲ. ಯಾರ ಮನೆಯ ಪೂಜೆಯಿರಲಿ, ನಾಮಕರಣವಿರಲಿ, ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಲ್ಲುತ್ತಿದ್ದರು. ಕೊನೆಯ ಪಂಕ್ತಿಗೆ ಕರೆದರೆ, "ನಂಗೆ ಇವತ್ತು ಉಪವಾಸ ಮಾರಾಯ್ರೆ, ನೀವು ಉಣ್ಣಿ" ಎನ್ನುತ್ತಿದ್ದರು. ಸೋಮವಾರ, ಸಂಕಷ್ಟಿ, ಏಕಾದಶಿ ಯಾವುದನ್ನೂ ಬಿಟ್ಟವರಲ್ಲ. ಆದರೂ ಮೈ ಬೆಳೆಯುತ್ತಲೇ ಹೋಯಿತು. ನಲ್ಲಿಯ ಹತ್ತಿರ ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಅವರು ಉಡುಪಿ ಕಡೆಯವರು. ಗಂಡ ವಾಸುದೇವಣ್ಣ ಬೊರಿವಲಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂತು ಗಿರಾಕಿಗಳ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಹುಟ್ಟಿದ ಒಂದೇ ಮಗು ಉಳಿಯಲಿಲ್ಲ. ಅದರ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಪಕ್ಕದ ಖೋಲಿಯ ನಾವು ಧಾರವಾಡದವರು. ಕಾಲೇಜಿಗೆ ಹೋಗುತ್ತಿದ್ದ ನನಗೆ ರವಿಕೆ ಹೊಲಿಯಲು ಕಲಿಸಿದವರು ವಾರಿಜಕ್ಕ. "ಬಟ್ಟೆ ಎಳಿಬೇಡ ಮಗಾ, ಅದು ತಾನಾಗಿ ಬರ್ತದೆ" ಎನ್ನುತ್ತಿದ್ದರು.

ಬಸುರಿ ಅಕ್ಕನ ಕುಬಸಕ್ಕೆಂದು ಅವ್ವ ಬೇಸನ್ ಉಂಡಿ ಕಟ್ಟಿ, ನಮ್ಮಲ್ಲಿ ಜಾಗವಿಲ್ಲವೆಂದು ಡಬ್ಬಿಯನ್ನು ಅವರ ಖೋಲಿಯಲ್ಲಿಟ್ಟಿದ್ದಳು. ಮಧ್ಯಾಹ್ನ ತರಲು ಹೋಗಿ ಬಾಗಿಲು ತಳ್ಳಿದೆ. ವಾರಿಜಕ್ಕ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತು ಉಂಡಿಗಳನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಒಂದನ್ನು ನುಂಗುವ ಮೊದಲೇ ಇನ್ನೊಂದು. ಪಕ್ಕದಲ್ಲಿ ಬರಿದಾದ ಅನ್ನದ ಪಾತ್ರೆ. ಕಣ್ಣೀರು ಇಳಿಯುತ್ತಿತ್ತು. ನನ್ನನ್ನು ಕಂಡ ಮೇಲೂ ಕೈ ನಿಲ್ಲಲಿಲ್ಲ.

"ನಿಲ್ಸ್ಲಿಕ್ಕೆ ಆಗುದಿಲ್ಲ ಮಗಾ. ರುಚಿ ಸಹ ಗೊತ್ತಾಗುದಿಲ್ಲ, ಹೊಟ್ಟೆ ಬಿರೀತದೆ, ಆದ್ರೂ ಆಗುದಿಲ್ಲ. ನಾಳೆಯಿಂದ ನೀರು ಸಹ ಮುಟ್ಟುದಿಲ್ಲ, ದೇವರಾಣೆ."

ನಾನು ಕಂಡದ್ದನ್ನು ಹೇಳಿದಾಗ ಅವ್ವ ಬೈಯಲಿಲ್ಲ. "ಇದು ಬಾಯಿಚಪಲ ಅಲ್ಲವ್ವಾ. ಆಕಿಗೆ ಏನೋ ಆಗೇದ. ದವಾಖಾನಿಗೆ ಕರಕೊಂಡು ಹೋಗು" ಎಂದಳು.

ಸ್ಟೇಷನ್ ಬಳಿಯ ಡಾಕ್ಟರು "ಬಾಯಿ ಕಟ್ಟಿ" ಎಂದಷ್ಟೇ ಹೇಳಿ ಕಳಿಸಿದರು. ಕೊನೆಗೆ ಪೇಟೆಯ ದೊಡ್ಡಾಸ್ಪತ್ರೆಯಲ್ಲಿ, ಮನಸ್ಸಿನ ಕಾಯಿಲೆ ನೋಡುವ ಮರಾಠಿ ಡಾಕ್ಟರಮ್ಮ ಸಿಕ್ಕರು. ತಿನ್ನುವ ಮೊದಲು ಏನನಿಸುತ್ತದೆ, ತಿಂದ ಮೇಲೆ ಏನಾಗುತ್ತದೆ ಎಂದು ಕೇಳಿದರು. ಮಗುವಿನ ಮಾತು ಅಲ್ಲಿ ಮೊದಲ ಸಲ ಹೊರಬಿತ್ತು. ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ: ಇದು ಹೊಟ್ಟೆಬಾಕತನವಲ್ಲ, ಕಾಯಿಲೆ. ಉಪವಾಸ ಮಾಡಿದಷ್ಟೂ ಇದು ಬಲಿಯುತ್ತದೆ. ಹೊತ್ತು ಹೊತ್ತಿಗೆ, ಯಾರ ಜೊತೆಗಾದರೂ ಕೂತು ಉಣ್ಣಬೇಕು. ತಪ್ಪಿದ ದಿನ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳಬಾರದು. ಪ್ರತಿ ಗುರುವಾರ ಬಂದು ಮಾತಾಡಬೇಕು.

ಹೊರಗೆ ಬಂದ ವಾರಿಜಕ್ಕ ಬೆಂಚಿನ ಮೇಲೆ ಕೂತರು. "ಕಾಯಿಲೆಯಂತೆ! ನಾನು ಪಾಪಿ ಅಂತ ಎಣಿಸಿದ್ದೆ."

ಮರುದಿನದಿಂದ ನಮ್ಮ ಮನೆಯಲ್ಲೇ ಅವ್ವನ ಎದುರು ತಟ್ಟೆ ಹಾಕಿಕೊಂಡರು. ಮೊದಮೊದಲು ಎರಡು ತುತ್ತಿಗೇ ಏಳಲು ನೋಡುತ್ತಿದ್ದರು. ಕೆಲವು ವಾರಗಳಲ್ಲಿ, ಸಾರಿಗೆ ಉಪ್ಪು ಕಡಿಮೆಯೆಂದು ಹೇಳುವಷ್ಟಾದರು.

ಆಗ ವಾಸುದೇವಣ್ಣನಿಗೆ, ಬಚ್ಚಿಟ್ಟಿದ್ದ ಆಸ್ಪತ್ರೆಯ ಸುದ್ದಿ ಮುಟ್ಟಿತು. "ತಿನ್ನುದಕ್ಕೆ ಹುಚ್ಚಿನ ಡಾಕ್ಟರಾ? ಜನ ಎಂತ ಹೇಳಿಯಾರು?" ಕೆಟ್ಟವರಲ್ಲ, ಹೆದರಿದ್ದರು. ಅಡುಗೆ ಸಾಮಾನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನಮ್ಮ ಮನೆಗೆ ಬರುವುದನ್ನೂ ತಪ್ಪಿಸಿದರು. ಒಂದು ಮಧ್ಯಾಹ್ನ ವಾರಿಜಕ್ಕ ಎದುರು ಖೋಲಿಗೆ ನುಗ್ಗಿ, ಕಲಸಿಟ್ಟ ಹಸಿಹಿಟ್ಟನ್ನೇ ತಿನ್ನುತ್ತ ಸಿಕ್ಕಿಬಿದ್ದರು. ಇಡೀ ಚಾಳು ಸೇರಿ ಕೂಗಾಡಿತು. ವಾಸುದೇವಣ್ಣ ಹೆಂಡತಿಯನ್ನು ಊರಿಗೆ ಹೊರಡಿಸಿದರು.

ಮಲಾಡ್ ಸ್ಟೇಷನ್ನಿನಲ್ಲಿ ವಾರಿಜಕ್ಕ ನನ್ನ ಮಣಿಕಟ್ಟು ಬಿಡಲಿಲ್ಲ. "ಅಲ್ಲಿ ಅತ್ತೆಗೆ ದಿನಾ ಒಂದು ವ್ರತ. ನಾನು ಯಾರ ಹತ್ರ ಹೇಳ್ಲಿ? ಕಳಿಸ್ಬೇಡಿ ಅಂತ ಇವರಿಗೆ ಹೇಳು ಮಗಾ."

ಹೇಳಿದೆ. "ಊರಿಗೆ ಹೋದ್ರೆ ಸರಿಯಾಗ್ತಾಳೆ" ಎಂದು ವಾಸುದೇವಣ್ಣ ಟ್ರಂಕ್ ಎತ್ತಿದರು. ಊರಿನ ಬಸ್ಸು ಹಿಡಿಯಲು ಅವರು ಹತ್ತಿದ ಲೋಕಲ್ ಹೊರಟಿತು. ಕಿಟಕಿಯಲ್ಲಿ ಅವರ ಮುಖ ಕಾಣಲಿಲ್ಲ.

ಆ ಗುರುವಾರ ಒಬ್ಬಳೇ ಆಸ್ಪತ್ರೆಗೆ ಹೋದೆ. ಉಡುಪಿ ಕಡೆ ಇದನ್ನು ನೋಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು, ತಮಗೆ ಗೊತ್ತಿರುವವರು ಅಲ್ಲಿ ಯಾರೂ ಇಲ್ಲವೆಂದರು. ಆಮೇಲೆ ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.