ಮುಳ್ಳು ಇಳಿಯದ ಶನಿವಾರ

ಬೆಳಗಿನ ಐದು ಗಂಟೆ. ನದಿದಂಡೆಯ ಪಂಪ್‌ಹೌಸ್‌ನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ನೀಲಿ ಕೋಟು ತೊಟ್ಟ, ಐವತ್ತೊಂದರ ಹೆಂಗಸೊಬ್ಬರು ಮಗುವಿನ ಜ್ವರ ನೋಡುವ ಹಾಗೆ ಮೋಟರಿನ ಬೇರಿಂಗ್ ಮೇಲೆ ಹಿಂಗೈ ಇಟ್ಟು ನೋಡುತ್ತಾರೆ. ಆಮೇಲೆ ಬಗ್ಗಿ, ಪಂಪಿನ ಕುತ್ತಿಗೆಯಲ್ಲಿ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ತೊಟ್ಟಿಕ್ಕಲೇಬೇಕು, ಪೂರ್ತಿ ಒಣಗಿದ್ದರೆ ಪಂಪು ಓಡುವಾಗ ಒಳಗೆ ಸುಡುತ್ತದೆ. ಎಲ್ಲ ಸರಿಯಿದ್ದ ಮೇಲೆ ಹಸಿರು ಗುಂಡಿ ಒತ್ತುತ್ತಾರೆ. ಕಿಟಕಿ ಗಾಜು ಅದುರುತ್ತದೆ, ಗೋಡೆಯ ಮೇಲಿನ ಒತ್ತಡ ಮಾಪಕದ ಮುಳ್ಳು ಮೆಲ್ಲಗೆ ಮೇಲೇರಿ ನಾಲ್ಕೂವರೆ ಕೆ.ಜಿ.ಗೆ ನಿಲ್ಲುತ್ತದೆ. ಊರಿನ ಹನ್ನೊಂದು ಸಾವಿರ ನಲ್ಲಿಗಳಿಗೆ ಬೆಳಗಾಯಿತು.

ಊರಿನವರು ಇವರನ್ನು ಕರೆಯುವುದು ಮೋಟರಕ್ಕ ಎಂದು. ನೀರು ಬರದ ದಿನ ಮಾತ್ರ ನೆನಪಾಗುವ ಹೆಸರು ಅದು. ಆದರೆ ಕಳೆದ ಎರಡು ತಿಂಗಳಿಂದ ನೀರು ಬಂದ ದಿನವೂ ಊರಿನ ಬಾಯಲ್ಲಿ ಆ ಹೆಸರಿದೆ. ಕಾರಣ ಒಂದು ಗೋಡೆ. ಮೂವತ್ತೊಂದು ವರ್ಷ ಕೆಳ ವಿಭಾಗದಲ್ಲೇ ಬಿದ್ದಿದ್ದ ಊರಿನ ಫುಟ್‌ಬಾಲ್ ತಂಡ ಈ ಸಲ ಮೇಲಿನ ವಿಭಾಗಕ್ಕೆ ಏರಿತು. ಆ ಕೊನೆಯ ಪಂದ್ಯದ ದಿನ ತಂಡದ ಜತೆಗಿದ್ದವರ ಹೆಸರನ್ನು ಕ್ರೀಡಾಂಗಣದ ಪೂರ್ವದ ಗೋಡೆಯ ಮೇಲೆ ಬರೆಸಲು ಅಭಿಮಾನಿ ಬಳಗ ತೀರ್ಮಾನಿಸಿತು. ಮೋಟರಕ್ಕ ಅರ್ಜಿ ಹಾಕಿದರು. ಟಿಕೆಟ್ ತುಂಡು ಲಗತ್ತಿಸಿಲ್ಲ ಎಂದು ಬಳಗ ತಿರಸ್ಕರಿಸಿತು. ಅವರು ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ.

“ನಾನು ಅಭಿಮಾನಿ ಅಲ್ಲ ಅನ್ನೋಕೆ ಅವರ್ಯಾರು?” ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಕೇಳುತ್ತಾರೆ. “ಆ ಮೈದಾನದ ಹಿಂದಿನ ಗಲ್ಲೀಲೇ ಹುಟ್ಟಿದೋಳು ನಾನು. ಗೋಡೆ ದಾಟಿ ಬಂದ ಚೆಂಡನ್ನ ಎಷ್ಟು ಸಲ ವಾಪಸ್ ಎಸೆದಿದೀನೋ ಲೆಕ್ಕ ಇಲ್ಲ. ಆಗ ಯಾರೂ ನನ್ನ ಟಿಕೆಟ್ ಕೇಳ್ಲಿಲ್ಲ.”

ಮೈದಾನದೊಳಗೆ ಅವರು ಒಂದು ಪಂದ್ಯವನ್ನೂ ನೋಡಿಲ್ಲ ಎಂಬುದು ನಿಜ. ಹುಡುಗಿಯಾಗಿದ್ದಾಗ ಮನೆಯವರು ಬಿಡಲಿಲ್ಲ, ದೊಡ್ಡವರಾದ ಮೇಲೆ ಕೆಲಸ ಬಿಡಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಮಾತು. ಒಂದು ಶನಿವಾರ ಸಂಜೆ ಪಾಳಿಯಲ್ಲಿದ್ದ ನೌಕರನಿಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಅರ್ಧ ವಿರಾಮವಾಗುತ್ತಿದ್ದಂತೆ ಇಡೀ ಊರು ಒಟ್ಟಿಗೆ ಎದ್ದು ಬಚ್ಚಲಿಗೆ ನಡೆಯಿತು, ಹನ್ನೊಂದು ಸಾವಿರ ನಲ್ಲಿಗಳು ಏಕಕಾಲಕ್ಕೆ ತೆರೆದವು. ಮುಳ್ಳು ದಬಕ್ಕನೆ ಕುಸಿಯಿತು. ಆತ ಪಿಳಿಪಿಳಿ ಕಣ್ಣು ಬಿಡುತ್ತಿರುವಾಗಲೇ ದಿಬ್ಬದ ಮೇಲಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನೀರು ನಿಂತುಹೋಯಿತು. ಅಂದಿನಿಂದ ಊರಿನಲ್ಲಿ ಪಂದ್ಯವಿದ್ದಾಗಲೆಲ್ಲ ಪಾಳಿ ಮೋಟರಕ್ಕನದೇ ಎಂದು ಇಲಾಖೆ ಆದೇಶ ಹೊರಡಿಸಿದೆ. ವರ್ಷಕ್ಕೆ ಹದಿನೇಳು ಪಂದ್ಯ, ಇಲ್ಲಿಯವರೆಗೆ ಇನ್ನೂರ ಮೂವತ್ತೆಂಟು. ಅರ್ಧ ವಿರಾಮಕ್ಕೆ ಎರಡು ನಿಮಿಷ ಮೊದಲೇ ಅವರು ಎರಡನೇ ಮೋಟರ್ ಚಾಲೂ ಮಾಡುತ್ತಾರೆ. ಅಂದಿನಿಂದ ಆಸ್ಪತ್ರೆಯ ನೀರು ಒಮ್ಮೆಯೂ ನಿಂತಿಲ್ಲ.

ಮೊಬೈಲನ್ನು ಹೊರಗಿನ ಕೊಠಡಿಯ ಡ್ರಾಯರ್‌ನಲ್ಲಿ ಇಟ್ಟೇ ಒಳಗೆ ಬರಬೇಕು ಎಂಬುದು ಇಲ್ಲಿನ ನಿಯಮ. ರೇಡಿಯೊ ತಂದರೂ ಮೋಟರಿನ ಸದ್ದಿನಲ್ಲಿ ಏನೂ ಕೇಳಿಸದು. ಹೀಗಾಗಿ ಮೋಟರಕ್ಕ ಪಂದ್ಯ ನೋಡುವುದು ಮುಳ್ಳಿನಲ್ಲಿ. ತಂಡ ಸೋತರೆ ಎರಡೇ ನಿಮಿಷದಲ್ಲಿ ಮುಳ್ಳು ಇಳಿಯುತ್ತದೆ, ಜನ ಟಿ.ವಿ. ಆರಿಸಿ, ಮುಖ ತೊಳೆದು, ಪಾತ್ರೆಗೆ ಕೈ ಹಾಕುತ್ತಾರೆ. ಸಮವಾದರೆ ಗೊಣಗುತ್ತ ಕೂತು ನಿಧಾನವಾಗಿ ಏಳುತ್ತಾರೆ. ಗೆದ್ದರೆ ಹತ್ತು ನಿಮಿಷ ನಲ್ಲಿಯ ನೆನಪೇ ಇರುವುದಿಲ್ಲ.

“ಗೋಲು ಗೊತ್ತಾಗಲ್ಲ ನನಗೆ. ಭಯ ಗೊತ್ತಾಗುತ್ತೆ,” ಎನ್ನುತ್ತಾರೆ. “ಆಟ ಕಷ್ಟಕ್ಕೆ ಬಂತು ಅಂದ್ರೆ ಊರಲ್ಲಿ ಒಬ್ಬರೂ ಬಚ್ಚಲಿಗೆ ಹೋಗಲ್ಲ. ಮುಳ್ಳು ಅಲ್ಲಾಡ್ದೆ ನಿಂತುಬಿಡುತ್ತೆ. ಆಗ ನಂಗೂ ಜೀವ ಬಾಯಿಗೆ ಬಂದಿರುತ್ತೆ. ಊರೆಲ್ಲ ಒಟ್ಟಿಗೆ ಉಸಿರು ಹಿಡಿದಿರೋದನ್ನ ಕಣ್ಣಾರೆ ನೋಡೋಳು ನಾನೊಬ್ಬಳೇ. ಸ್ಟೇಡಿಯಂನಲ್ಲಿ ಕೂತವರಿಗೆ ಕಾಣೋದು ಬರೀ ಇಪ್ಪತ್ತೆರಡು ಜನ.”

ಮೇಲಿನ ವಿಭಾಗಕ್ಕೇರಲು ಆ ಕೊನೆಯ ಪಂದ್ಯದಲ್ಲಿ ಗೆಲುವೇ ಬೇಕಿತ್ತು. ಅಂದು ರಜೆ ಕೊಡಿ ಎಂದು ಮೋಟರಕ್ಕ ಒಮ್ಮೆ ಕೇಳಿ ನೋಡಿದರು. “ಇವತ್ತಲ್ಲದೆ ಯಾವತ್ತು ನೀವು ಬೇಕು?” ಎಂದು ಇಂಜಿನಿಯರ್ ಮರುಪ್ರಶ್ನೆ ಹಾಕಿದರು. ಆ ಮಾತು ಸರಿಯಾಗಿಯೇ ಇತ್ತು ಎಂಬುದೇ ಅವರಿಗೆ ಹೆಚ್ಚು ಸಿಟ್ಟು ತರಿಸಿದ ಸಂಗತಿ. ಬಳಗದ ಸದಸ್ಯರೂ ಬೇಕರಿ ವ್ಯಾನಿನ ಚಾಲಕರೂ ಆದ ಅವರ ಯಜಮಾನರು ಹಳದಿ ಅಂಗಿ ತೊಟ್ಟು ಮೈದಾನಕ್ಕೆ ಹೊರಟರು. ಮೋಟರಕ್ಕ ನೀಲಿ ಕೋಟು ತೊಟ್ಟು ನದಿಯ ಕಡೆ ಸೈಕಲ್ ತುಳಿದರು.

ಐದೂ ಐವತ್ತಕ್ಕೆ ಪಂದ್ಯ ಮುಗಿಯಬೇಕಿತ್ತು. ಮುಳ್ಳು ಇಳಿಯಲಿಲ್ಲ. ಸೋತಿಲ್ಲ ಎಂದು ಕುರ್ಚಿಯ ತುದಿಗೆ ಬಂದು ಕೂತರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಇನ್ನೂರ ಮೂವತ್ತೇಳು ಪಂದ್ಯಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಇಳಿಯುವುದಿರಲಿ, ಮುಳ್ಳು ಏರತೊಡಗಿತು: ಐದು, ಐದೂವರೆ. ಸಂತೋಷಪಡುವ ಬದಲು ಎದ್ದು ಮಾಪಕದ ಹತ್ತಿರ ಹೋದರು. ಎಲ್ಲೋ ವಾಲ್ವ್ ಸಿಕ್ಕಿಕೊಂಡಿದೆ, ಇಲ್ಲವೇ ಮಾಪಕ ಕೆಟ್ಟಿದೆ ಎಂದುಕೊಂಡರು. ಗಾಜಿನ ಮೇಲೆ ಬೆರಳಿಂದ ಕುಟ್ಟಿದರು. ಊರಿನ ವಾಲ್ವ್‌ಗಳನ್ನು ತಿರುಗಿಸುವ ನೀರುಗಂಟಿಗೆ ಮೇಜಿನ ಫೋನಿಂದ ನಾಲ್ಕು ಸಲ ಕರೆ ಮಾಡಿದರು. ಅವನು ಎತ್ತಲಿಲ್ಲ. ಮನಸ್ಸಿನಲ್ಲೇ ಅವನ ವಂಶವನ್ನೆಲ್ಲ ಜಾಲಾಡಿದರು.

ಮುಳ್ಳು ಆರರ ಕೆಂಪು ಗೆರೆ ಮುಟ್ಟಿತು. ಅದನ್ನು ದಾಟಿದರೆ ಹಳೇ ಪೈಪಿನ ಬೆಸುಗೆ ಒಡೆಯುತ್ತದೆ. ಎರಡನೇ ಮೋಟರ್ ಆರಿಸಿದರು, ಸಾಲಲಿಲ್ಲ. ಒಂದನೆಯದನ್ನೂ ಆರಿಸಿದರು. ಸಂಜೆಯ ಪಾಳಿಯಲ್ಲಿ ಎರಡೂ ಮೋಟರ್ ನಿಂತದ್ದು ಅವರ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅದೇ ಮೊದಲು. ಪಂಪ್‌ಹೌಸ್ ಗಪ್‌ಚುಪ್ಪಾಯಿತು. ಆ ನಿಶ್ಶಬ್ದದಲ್ಲಿ, ಮೂರು ಕಿಲೋಮೀಟರ್ ದೂರದಿಂದ, ನದಿಯ ಮೇಲೆ ಹಾಯ್ದು ಬಂದ ಸದ್ದು ಕಿವಿಗೆ ಬಿತ್ತು. ಊರು ಕೂಗುತ್ತಿತ್ತು.

“ಆಗ ತಲೆಗೆ ಹೋಯ್ತು ನೋಡಿ. ವಾಲ್ವೂ ಕೆಟ್ಟಿಲ್ಲ, ಮುಳ್ಳೂ ಕೆಟ್ಟಿಲ್ಲ. ಮನೇಲಿ ಒಬ್ಬ ನರಪಿಳ್ಳೆ ಇಲ್ಲ! ಎಲ್ಲ ಬೀದಿಗೆ ಬಂದ್ಬಿಟ್ಟಿದಾರೆ. ನಾನು ಇಲ್ಲಿ ನೀರುಗಂಟಿಗೆ ಬೈತಾ ಕೂತಿದ್ರೆ, ಅವನು ಅಲ್ಲಿ ಯಾರದೋ ಹೆಗಲ ಮೇಲೆ ಕೂತ್ಕೊಂಡು ಕುಣೀತಾ ಇದ್ದ.” ಹೇಳುತ್ತ ಅವರು ಕಣ್ಣೊರೆಸಿಕೊಳ್ಳುತ್ತಾರೆ, ಮರೆಮಾಚುವ ಗೋಜಿಗೂ ಹೋಗುವುದಿಲ್ಲ. “ಅತ್ತೆ ಸಾರ್, ಜೋರಾಗೇ ಅತ್ತೆ. ಹತ್ತು ನಿಮಿಷ ಆದ್ಮೇಲೆ ಮುಳ್ಳು ಐದಕ್ಕೆ ಬಂತು, ಮೋಟರ್ ಹಾಕ್ದೆ. ಆಸ್ಪತ್ರೇಲಿ ರೋಗಿಗಳು ಇರ್ತಾರಲ್ಲ.”

ಎರಡೂ ಮೋಟರ್ ನಿಲ್ಲಿಸಿದ ಹೊತ್ತನ್ನು ಬರೆದಿಟ್ಟಿದ್ದ, ಆ ದಿನದ ದಾಖಲೆ ಪುಸ್ತಕದ ಪುಟದ ನಕಲನ್ನೇ ಅವರು ಟಿಕೆಟ್ಟಿನ ಬದಲು ಅರ್ಜಿಗೆ ಲಗತ್ತಿಸಿದ್ದರು. ಔಷಧದ ಅಂಗಡಿ ನಡೆಸುವ ಬಳಗದ ಕಾರ್ಯದರ್ಶಿ ಈಗಲೂ ತಮ್ಮ ಮಾತಿಗೆ ಅಂಟಿಕೊಂಡಿದ್ದಾರೆ: “ಅಕ್ಕನ ಮೇಲೆ ನಮಗೂ ಗೌರವ ಇದೆ. ಆದ್ರೆ ಇವತ್ತು ಅವರನ್ನ ಸೇರಿಸಿದ್ರೆ ನಾಳೆ ಟಿ.ವಿ. ಮುಂದೆ ಕೂತಿದ್ದೋರೆಲ್ಲ ಬರ್ತಾರೆ.”

“ಬರ್ಲಿ ಬಿಡಿ. ಗೋಡೆ ಚಿಕ್ಕದಾದ್ರೆ ಗೋಡೆ ಕಟ್ಟಿಸ್ಲಿ,” ಎಂಬುದು ಮೋಟರಕ್ಕನ ಉತ್ತರ. ಇನ್ನೊಂದು ಸಂಗತಿಯನ್ನು ಅವರು ಯಜಮಾನರ ಎದುರೇ, ಅವರು ತಲೆ ತಗ್ಗಿಸಿ ನಗುವಂತೆ ಹೇಳುತ್ತಾರೆ: “ಗೆಲುವಿನ ಗೋಲು ಬಿದ್ದಾಗ ಇವರು ಎಲ್ಲಿದ್ರು ಕೇಳಿ. ಕಕ್ಕಸಿನ ಸಾಲಲ್ಲಿ! ಗೋಲು ನೋಡ್ಲೇ ಇಲ್ಲ, ಹೆಸರು ಮಾತ್ರ ಗೋಡೆ ಮೇಲಿದೆ. ಆ ಕಕ್ಕಸಿಗೆ ನೀರು ಬಿಟ್ಟೋಳ ಹೆಸರಿಲ್ಲ.”

ಯಜಮಾನರು ಬಳಗದಲ್ಲಿ ಜಗಳವಾಡಿದ ಮೇಲೆ, ಗೋಡೆಯ ಕೆಳ ಮೂಲೆಯಲ್ಲಿ ‘ಹಿತೈಷಿಗಳು’ ಎಂದು ಒಂದು ಸಾಲು ಕೊಡಲು ಕಾರ್ಯದರ್ಶಿ ಒಪ್ಪಿದ್ದರು. ಮೋಟರಕ್ಕ ಅದಕ್ಕೆ ಸೊಪ್ಪು ಹಾಕಲಿಲ್ಲ. ಹಿತ ಬಯಸುವುದು ಹೊರಗಿನವರ ಕೆಲಸ ಎಂದು ಹೇಳಿ ಕಳಿಸಿದರು. ಈ ಶನಿವಾರ ಗೋಡೆಯ ಅನಾವರಣ. ಸ್ನೇಹ ಪಂದ್ಯವೂ ಇದೆ. ಹಾಗಾಗಿ ಅವರಿಗೆ ಪಾಳಿ.

ಆಸೆ ಏನಾದರೂ ಇದೆಯೇ ಎಂದರೆ ಗೋಡೆಯ ಸುದ್ದಿ ಎತ್ತುವುದಿಲ್ಲ. ಮೇಲಿನ ವಿಭಾಗವೆಂದರೆ ದೊಡ್ಡ ತಂಡಗಳು ಬರುತ್ತವೆ, ಅವುಗಳ ಹಿಂದೆ ಸಾವಿರಾರು ಜನ ಬರುತ್ತಾರೆ. ಅರ್ಧ ವಿರಾಮಕ್ಕೆ ಎರಡು ಮೋಟರ್ ಸಾಲುವುದಿಲ್ಲ. ಮೂರನೆಯದು ಬೇಕೆಂದು ಇಲಾಖೆಗೆ ತಾವೇ ಅರ್ಜಿ ಬರೆದಿದ್ದಾರೆ. ಕಾರಣದ ಜಾಗದಲ್ಲಿ ಬರೆದದ್ದು ಒಂದೇ ವಾಕ್ಯ: ನಮ್ಮ ತಂಡ ಮೇಲಿನ ವಿಭಾಗಕ್ಕೆ ಏರಿದೆ.

“ಇಂಜಿನಿಯರ್ ಸಾಹೇಬ್ರು ಓದಿ, ಸರ್ಕಾರಿ ಕಾಗದದಲ್ಲಿ ‘ನಮ್ಮ’ ಅಂತೆಲ್ಲ ಬರೀಬಾರದು, ಹೊಡೆದು ಹಾಕಿ ಅಂದ್ರು,” ಎನ್ನುತ್ತ ಮೋಟರಕ್ಕ ಪೆನ್ನನ್ನು ಕೋಟಿನ ಜೇಬಿಗೆ ಸಿಕ್ಕಿಸಿಕೊಳ್ಳುತ್ತಾರೆ. “ಮೋಟರ್ ನಿಮಗೆ ಯಾವಾಗ ಆಗುತ್ತೋ ಆಗ ಕೊಡಿ ಸಾರ್, ಆ ಪದ ಮಾತ್ರ ನಾನು ಹೊಡೆಯಲ್ಲ ಅಂದೆ.”